ನೀಲಗಾರರ ಮೇಳ: ಮಳವಳ್ಳಿ–ಮದ್ದೂರು ಸೀಮೆಯ ಒಂದು ಗಾಯಕವರ್ಗದ ಚರಿತ್ರೆ

ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರ ವಿಷಯವಾಗಿ ಕನ್ನಡದಲ್ಲಿ ಈಗಾಗಲೇ ಬರೆಹ ಸಾಕಷ್ಟು ಬಂದಿದೆ. ಆ ಕಾವ್ಯದ ಕಥಾವಸ್ತು, ಅದರ ಪಾಠಭೇದಗಳು, ಅದರಲ್ಲಿ ವ್ಯಕ್ತವಾಗುವ ಧರ್ಮವಿಚಾರ, ಶರಣರ ಚಳವಳಿಯೊಡನೆ ಅದಕ್ಕಿರುವ ಸಂಬಂಧ ಇವೆಲ್ಲವನ್ನೂ ವಿದ್ವಾಂಸರು ಬಗೆಬಗೆಯಾಗಿ ಪರಿಶೀಲಿಸಿದ್ದಾರೆ. ಆದರೆ ಅದನ್ನು ಹಾಡುವವನು ಒಬ್ಬನಲ್ಲ, ಹಾಡುವುದು ಒಂದು ಮೇಳ ಎಂಬ ಸರಳವಾದ ಸಂಗತಿಗೆ ಸಲ್ಲಬೇಕಾದಷ್ಟು ಗಮನ ಸಂದಿದೆಯೆಂದು ಹೇಳಲಾಗದು. ಬಾನುಲಿಯ ಪ್ರಕಟಣೆಯಲ್ಲಿ, ಧ್ವನಿಸುರುಳಿಯ ಹೊದಿಕೆಯ ಮೇಲೆ, ಕಾರ್ಯಕ್ರಮದ ಕರಪತ್ರದಲ್ಲಿ ಒಬ್ಬ ಗಾಯಕನ ಹೆಸರು ಬರುತ್ತದೆ. ಅದರ ಬೆನ್ನಿಗೆ ‘ಮತ್ತು ಸಂಗಡಿಗರು’ ಎಂಬ ಎರಡು ಮಾತುಗಳು ಬರುತ್ತವೆ. ಈ ಎರಡು ಮಾತುಗಳ ಹಿಂದೆ ಇರುವವರು ಯಾರು, ಅವರು ಮಾಡುವ ಕೆಲಸವೇನು, ಕಳೆದ ಸುಮಾರು ಒಂದು ಶತಮಾನದಲ್ಲಿ ಆ ಕೆಲಸಕ್ಕೆ ಒದಗಿದ ಗತಿಯೇನು ಎಂಬುದನ್ನು ಮಂಡ್ಯ ಜಿಲ್ಲೆಯ ಮಳವಳ್ಳಿ ಮದ್ದೂರು ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಮಂಟೇಸ್ವಾಮಿಯ ಕಥೆ ಕಲ್ಯಾಣದಿಂದ ಮೊದಲಾಗುವುದಾದರೂ ಅದರ ಮುಖ್ಯ ಘಟನೆಗಳು ನಡೆಯುವುದು ಕಾವೇರಿಯ ಆಚೀಚಿನ ನೆಲದಲ್ಲಿ. ಒಕ್ಕಲಿನವರು ‘ಧರೆಗೆ ದೊಡ್ಡವರು’ ಎಂದು ಕರೆಯುವ ಮಂಟೇಸ್ವಾಮಿಯ ಗದ್ದುಗೆಯಿರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಅವರ ಶಿಷ್ಯ ಸಿದ್ದಪ್ಪಾಜಿ ಪೂರ್ವದಲ್ಲಿ ಕೆಂಪಾಚಾರಿ. ಅವನ ಊರು ಮದ್ದೂರು ತಾಲ್ಲೂಕಿನ ನಿಡಘಟ್ಟ. ಕಬ್ಬಿಣದ ಭಿಕ್ಷೆಗೆಂದು ಗುರುವು ಅವನನ್ನು ಕಳುಹಿಸುವುದು ಹಲಗೂರಿನ ಪಾಂಚಾಳರ ಬಳಿಗೆ. ಹಲಗೂರೂ ಮಳವಳ್ಳಿ ತಾಲ್ಲೂಕಿಗೇ ಸೇರಿದುದು. ಪಾಂಚಾಳರು ಭಿಕ್ಷೆಯನ್ನು ನಿರಾಕರಿಸಿ ಅವನನ್ನು ನಾನಾ ಪರೀಕ್ಷೆಗಳಿಗೆ ಒಡ್ಡುವುದು, ಅವನು ಅವೆಲ್ಲವನ್ನೂ ಗೆದ್ದು ಕಬ್ಬಿಣವನ್ನು ಪಡೆಯುವುದು ಈ ಕಾವ್ಯದ ಬಹು ಜನಪ್ರಿಯವಾದ ಭಾಗ. ಸಿದ್ದಪ್ಪಾಜಿಯ ಗದ್ದುಗೆ ಹೊಳೆಯಾಚೆ ಕೊಳ್ಳೇಗಾಲದ ಸೀಮೆಯ ಚಿಕ್ಕಲ್ಲೂರಿನಲ್ಲಿಯೂ, ರಾಚಪ್ಪಾಜಿ ಚನ್ನಾಜಮ್ಮನವರ ಗದ್ದುಗೆಗಳು ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿಯಲ್ಲಿಯೂ ಇವೆ. ಹೀಗಾಗಿ ಈ ಭಾಗದ ಕೇಳುಗನಿಗೆ ಕಾವ್ಯದ ಭೂಗೋಳ ಕಲ್ಪನೆಯದಲ್ಲ. ಸಂತೆಗೆ ಹೋಗಿಬರುವ ದಾರಿಯದು. ಹಲಗೂರಿನ ಸಾಲನ್ನು ಹಲಗೂರಿನಲ್ಲಿಯೇ ಹಾಡಬೇಕಾಗಿ ಬಂದ ಮೇಳ, ಊರಿನ ಪೂರ್ವಿಕರು ಕಥೆಯಲ್ಲಿ ಪ್ರತಿಪಕ್ಷದಲ್ಲಿದ್ದಾರೆಂಬುದನ್ನು ಮರೆಯುವಂತಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನೀಲಗಾರನೆಂದರೆ ಬರಿಯ ಹಾಡುಗಾರನಲ್ಲ, ದೀಕ್ಷೆ ಪಡೆದವನು. ಮನೆತನದ ಹರಕೆಯಿಂದಲೋ ಸ್ವಂತ ಭಕ್ತಿಯಿಂದಲೋ ಒಬ್ಬನು ಈ ಪರಂಪರೆಯ ಮಠಕ್ಕೆ ಗುಡ್ಡನಾಗಿ, ಗುರುವಿನ ಕೈಯಿಂದ ಬೆತ್ತ ಜೋಳಿಗೆಗಳನ್ನು ಪಡೆದು, ‘ಕೋರಣ್ಯ’ವೆಂದು ಕರೆಯುವ ಭಿಕ್ಷೆಗೆ ಹೊರಡುತ್ತಾನೆ. ದೀಕ್ಷೆಗೆ ಜಾತಿಯ ಕಟ್ಟು ಇಲ್ಲ. ಹಲವು ಕುಲದವರು ಈ ಒಕ್ಕಲಿನಲ್ಲಿದ್ದಾರೆ. ಆದರೂ ಹಾಡುವ ಹೊಣೆಯನ್ನು ಹೊತ್ತವರಲ್ಲಿ ದಲಿತರ ಸಂಖ್ಯೆಯೇ ಹೆಚ್ಚು. ಗದ್ದುಗೆಗಳ ಮೇಲ್ವಿಚಾರಣೆ ಅರಸು ಮನೆತನದವರದು. ಗುರುಪೀಠ ಒಂದು ವರ್ಗದಲ್ಲಿ, ಗಾಯನ ಇನ್ನೊಂದು ವರ್ಗದಲ್ಲಿ ನೆಲೆಸಿರುವ ಈ ಏರ್ಪಾಟು ಸಮಾಜಶಾಸ್ತ್ರದ ದೃಷ್ಟಿಯಿಂದ ಪ್ರತ್ಯೇಕವಾದ ಅಧ್ಯಯನಕ್ಕೆ ಅರ್ಹವಾದುದು. ಪೀಠಕ್ಕೆ ವಂಶಾವಳಿಯುಂಟು, ಗಾಯನಕ್ಕೆ ಇರುವುದು ಕಲಿಸಿದವನ ನೆನಪೊಂದೇ ಎಂಬುದನ್ನು ಇಲ್ಲಿ ಗುರುತಿಸಿ ಮುಂದುವರಿಯೋಣ.

ಇನ್ನು ಮೇಳದ ರಚನೆಯನ್ನು ನೋಡಬಹುದು. ಸಾಮಾನ್ಯವಾಗಿ ಮೂವರಿಂದ ಐವರು ಕೂಡಿ ಒಂದು ಮೇಳವಾಗುತ್ತದೆ. ಮುಂದಾಳಾದವನ ಹೆಗಲಿಗೆ ತಂಬೂರಿ, ಅವನ ಒಂದು ಕೈಯಲ್ಲಿ ಗಗ್ಗರ. ತಂಬೂರಿಯು ಶ್ರುತಿಯನ್ನು ಕೊಡುವುದರ ಜೊತೆಗೆ ಮೀಟಿನಿಂದ ಲಯವನ್ನೂ ಹಿಡಿಯುತ್ತದೆ. ಕಚೇರಿಯ ತಂಬೂರಿಗೂ ಇದಕ್ಕೂ ಹೆಸರೊಂದೇ ಆದರೂ ವೃತ್ತಿ ಬೇರೆ. ಉಳಿದವರಲ್ಲಿ ಒಬ್ಬನದು ಡಗ್ಗ, ಕೆಲವೆಡೆ ದಮ್ಮಡಿ, ಮತ್ತೊಬ್ಬನದು ತಾಳ. ವಾದ್ಯ ಯಾವುದಾದರೂ ಆಗಲಿ, ಎಲ್ಲರೂ ಹಾಡುವವರೇ ಎಂಬುದು ಮುಖ್ಯ. ಮುಂದಾಳು ಕಥೆಯ ಸಾಲನ್ನು ಎತ್ತುತ್ತಾನೆ. ಹಿಮ್ಮೇಳದವರು ಆ ಸಾಲಿನ ಕೊನೆಯ ಭಾಗವನ್ನು ಹಿಡಿದುಕೊಂಡು ತಿರುಗಿಸುತ್ತಾರೆ, ಇಲ್ಲವೇ ಆ ಭಾಗಕ್ಕೆ ಗೊತ್ತಾದ ‘ಸೊಲ್ಲ’ನ್ನು ಹೇಳುತ್ತಾರೆ. ನಡುವೆ ಮುಂದಾಳು ಪದ್ಯವನ್ನು ಬಿಟ್ಟು ಮಾತಿಗೆ ಇಳಿಯುವುದುಂಟು. ಆಗ ಹಿಮ್ಮೇಳದವನು ಕಥೆಯೊಳಗಿನ ಪಾತ್ರವಾಗಿಯೋ, ಕೇಳುಗರ ಪ್ರತಿನಿಧಿಯಾಗಿಯೋ ಹೂಂಗುಟ್ಟುತ್ತಾನೆ, ಪ್ರಶ್ನೆ ಕೇಳುತ್ತಾನೆ, ಅಚ್ಚರಿಪಡುತ್ತಾನೆ.

ಈ ಸೊಲ್ಲನ್ನು ಕೇವಲ ಅಲಂಕಾರವೆಂದು ಬಗೆಯುವುದು ಓದುಗನ ಅಭ್ಯಾಸದಿಂದ ಹುಟ್ಟಿದ ತಪ್ಪು ಕಲ್ಪನೆ. ಪುಸ್ತಕದಲ್ಲಿ ಓದುವವನಿಗೆ ಪುನರುಕ್ತಿ ಬೇಸರ ತರುತ್ತದೆ. ರಾತ್ರಿಯಿಡೀ ಹಾಡುವವನಿಗೆ ಅದು ಉಸಿರು. ಮೇಳ ತಿರುಗಿಸುತ್ತಿರುವ ಆ ಅರೆಗಳಿಗೆಯಲ್ಲಿ ಮುಂದಾಳು ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳುತ್ತಾನೆ, ಇಲ್ಲವೇ ಕಟ್ಟಿಕೊಳ್ಳುತ್ತಾನೆ. ಕೇಳುವವರು ಯಾರು, ಹರಕೆ ಯಾವುದು, ಹೊತ್ತು ಎಷ್ಟಾಯಿತು ಎಂಬುದನ್ನು ಅಳೆದು ಕಥೆಯನ್ನು ಹಿಗ್ಗಿಸುವುದೋ ಕುಗ್ಗಿಸುವುದೋ ಎಂದು ನಿರ್ಧರಿಸುವುದೂ ಆಗಲೇ. ಅಲ್ಲದೆ ಒಂದು ಸೊಲ್ಲು ಬದಲಾಯಿತೆಂದರೆ ಕಥೆಯ ನಡೆ ಬದಲಾಯಿತೆಂದೇ ಅರ್ಥ; ಅದನ್ನು ಯಾವಾಗ ಬಿಡಬೇಕು, ಯಾವ ವೇಗದಲ್ಲಿ ಹಿಡಿಯಬೇಕು ಎಂಬಲ್ಲಿ ಹಿಮ್ಮೇಳದವನ ವಿವೇಚನೆಯೂ ಉಂಟು. ಅವನು ಕಾಲವನ್ನು ನೀಡಿದರೆ ಮುಂದಾಳಿಗೆ ಅವಕಾಶ. ಅವನು ಅವಸರಿಸಿದರೆ ಮುಂದಾಳು ಸಿದ್ಧವಾದ ನುಡಿಗಟ್ಟುಗಳನ್ನೇ ಆಶ್ರಯಿಸಬೇಕಾಗುತ್ತದೆ. ಆದುದರಿಂದ ಆಶುರಚನೆಯ ಒಳ್ಳೆಯತನ ಕೆಟ್ಟತನಗಳಲ್ಲಿ ಹಿಮ್ಮೇಳಕ್ಕೂ ಪಾಲಿದೆಯೆಂದು ಹೇಳುವುದು ಅತಿಶಯೋಕ್ತಿಯಾಗದು. ಕಾವ್ಯದ ಕರ್ತೃತ್ವವನ್ನು ಕುರಿತು ಮಾತನಾಡುವಾಗ ಈ ಪಾಲನ್ನು ಲೆಕ್ಕಕ್ಕೆ ಹಿಡಿಯದಿರುವುದು ನ್ಯಾಯವಲ್ಲ.

ಕನ್ನಡಕ್ಕೆ ಈ ವಿಚಾರ ಹೊಸದೂ ಅಲ್ಲ. ‘ಕವಿರಾಜಮಾರ್ಗ’ದಲ್ಲಿ ಬೆದಂಡೆ ಚತ್ತಾಣಗಳ ಪ್ರಸ್ತಾಪ ಬರುವುದನ್ನೂ, ಇಮ್ಮಡಿ ನಾಗವರ್ಮನು ‘ಕಾವ್ಯಾವಲೋಕನ’ದಲ್ಲಿ ಪಾಡುಗಬ್ಬ, ಬಾಜನೆಗಬ್ಬಗಳನ್ನು ಹೆಸರಿಸಿರುವುದನ್ನೂ ವಿದ್ಯಾರ್ಥಿಗಳು ಬಲ್ಲರು. ಹಾಡುವ ಕಬ್ಬ, ಬಾಜಿಸುವ ಕಬ್ಬ ಎಂಬ ವಿಭಾಗವೇ ಕಾವ್ಯವನ್ನು ಅದರ ಪ್ರಯೋಗದಿಂದ ಗುರುತಿಸುವ ಪದ್ಧತಿ ಒಂದು ಕಾಲದಲ್ಲಿ ಇದ್ದಿತೆಂಬುದಕ್ಕೆ ಸಾಕ್ಷಿ. ನಾವು ಓಲೆಯ ಗರಿಯಲ್ಲಿ ಉಳಿದುದನ್ನು ಮಾತ್ರ ಕಾವ್ಯವೆಂದು ಎಣಿಸತೊಡಗಿದ ಮೇಲೆ ಆ ಪದ್ಧತಿ ಮರೆಗೆ ಸರಿಯಿತು.

ಹಿಮ್ಮೇಳ ಇನ್ನೊಂದು ರೀತಿಯಿಂದಲೂ ಮುಖ್ಯ: ಅದೇ ಈ ಪರಂಪರೆಯ ಪಾಠಶಾಲೆ. ನೀಲಗಾರರಲ್ಲಿ ಬರೆದ ಪುಸ್ತಕವನ್ನು ಮುಂದಿಟ್ಟುಕೊಂಡು ಕಾವ್ಯ ಕಲಿಯುವ ಕ್ರಮ ಹಿಂದೆ ಇರಲಿಲ್ಲ. ಹುಡುಗನೊಬ್ಬನು ತಾಳ ಹಿಡಿದು ಮೇಳದ ಹಿಂದೆ ಕೂರುತ್ತಾನೆ. ಮೊದಲ ವರ್ಷಗಳಲ್ಲಿ ಅವನ ಪಾಲಿಗೆ ಬರುವುದು ಸೊಲ್ಲು ಮಾತ್ರ. ಅದನ್ನು ನೂರಾರು ರಾತ್ರಿ ಹೇಳಿ ಹೇಳಿ ಧಾಟಿ ಅವನ ಮೈಗೂಡುತ್ತದೆ; ಧಾಟಿಯ ಬೆನ್ನಿಗೆ ಕಥೆಯ ಕಟ್ಟು ಬರುತ್ತದೆ; ಕೊನೆಗೆ ಮುಂದಾಳು ದಣಿದಾಗ ಒಂದು ಸಾಲನ್ನು ಎತ್ತುವ ಅವಕಾಶ ಬರುತ್ತದೆ. ಇಂದಿನ ಹಿಮ್ಮೇಳದವನೇ ನಾಳಿನ ಮುಂದಾಳು. ಈ ಏಣಿಯ ಕೆಳಗಿನ ಮೆಟ್ಟಿಲು ಮುರಿದರೆ ಮೇಲಿನದಕ್ಕೆ ಹತ್ತುವವರು ಯಾರೂ ಇರುವುದಿಲ್ಲ ಎಂಬುದನ್ನು ಮುಂದಿನ ಚರಿತ್ರೆಯನ್ನು ಓದುವಾಗ ನೆನಪಿನಲ್ಲಿಡಬೇಕು.

ಆ ಚರಿತ್ರೆಯಲ್ಲಿ ಮೊದಲಿಗೆ ಗಡಿಯ ವಿಷಯ. ೧೭೯೯ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೊಳ್ಳೇಗಾಲದ ಸೀಮೆ ಇಂಗ್ಲಿಷರಿಗೆ ಸೇರಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಮಳವಳ್ಳಿ ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಗುರುವಿನ ಗದ್ದುಗೆ ಒಂದು ರಾಜ್ಯದಲ್ಲಿ, ಶಿಷ್ಯನ ಗದ್ದುಗೆ ಮತ್ತೊಂದರಲ್ಲಿ. ನಡುವೆ ಕಾವೇರಿ. ಆದರೂ ಬಾನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ನಡೆಯುವ ಐದು ದಿನಗಳ ಜಾತ್ರೆಗೆ ಈ ಕಡೆಯ ಒಕ್ಕಲು ಹೋಗುವುದು ತಪ್ಪಲಿಲ್ಲ; ಶಿವರಾತ್ರಿಯಿಂದ ಆರಂಭವಾಗುವ ಕಪ್ಪಡಿಯ ಜಾತ್ರೆಗೆ ಆ ಕಡೆಯವರು ಬರುವುದೂ ತಪ್ಪಲಿಲ್ಲ. ಆಡಳಿತದ ನಕ್ಷೆಗಿಂತ ಮೇಳಗಳು ನಡೆದ ದಾರಿಯೇ ಈ ಪ್ರದೇಶದ ಏಕತೆಯನ್ನು ಹೆಚ್ಚು ನಿಷ್ಠೆಯಿಂದ ತೋರಿಸುತ್ತದೆ.

ನಕ್ಷೆಗಿಂತ ಹೆಚ್ಚಿನ ಪರಿಣಾಮವನ್ನು ಮಾಡಿದುದು ನೀರು. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆ, ಅದರಿಂದ ಹೊರಟ ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ), ೧೯೩೩ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ, ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಮಂಡ್ಯ ಜಿಲ್ಲೆ ಇವು ಒಂದರ ಬೆನ್ನಿಗೆ ಒಂದು ಬಂದ ಸಂಗತಿಗಳು. ರಾಗಿಯ ಸೀಮೆಯಲ್ಲಿ ಕೊಯ್ಲು ಮುಗಿದು ಕಣ ಬರಿದಾದ ಮೇಲೆ ಪುಷ್ಯಮಾಸದಿಂದ ಯುಗಾದಿಯವರೆಗೆ ಬಿಡುವು. ಎರಡು ದೊಡ್ಡ ಜಾತ್ರೆಗಳೂ, ಮನೆಮನೆಯ ಹರಕೆಯ ಹಾಡಿಕೆಗಳೂ ಈ ಬಿಡುವಿನಲ್ಲಿಯೇ ಬರುತ್ತವೆ. ಕಬ್ಬಿಗೆ ಅಂಥ ಬಿಡುವಿಲ್ಲ. ಅರೆಯುವ ಕಾಲಕ್ಕೆ ಕಬ್ಬು ಕಡಿಯಬೇಕು, ಗಾಡಿ ಕಟ್ಟಬೇಕು, ಕೂಲಿಯ ಆಳು ಹೊಲದಲ್ಲಿರಬೇಕು. ನೀಲಗಾರರಲ್ಲಿ ಬಹುಮಂದಿ ಕೂಲಿಯ ಆಳುಗಳೇ. ನಾಲೆಯ ನೀರು ಹೇರಳವಾಗಿ ಹರಿದ ಮಂಡ್ಯ ಮದ್ದೂರಿನ ಬಯಲಿಗಿಂತ ಮಳೆಯನ್ನೇ ನಂಬಿದ ಹಲಗೂರಿನ ಕಡೆ ಮೇಳದ ಕಟ್ಟು ಹೆಚ್ಚು ಕಾಲ ಬಾಳಿತೆಂದು ತೋರುವುದಾದರೆ, ಅದಕ್ಕೆ ಭಕ್ತಿಯ ಹೆಚ್ಚು ಕಡಿಮೆಗಿಂತ ಬೆಳೆಯ ಪಂಚಾಂಗವೇ ಕಾರಣವೆಂದು ನಮ್ಮ ಊಹೆ.

ವಿದ್ಯುಚ್ಛಕ್ತಿಯ ಕಥೆಯನ್ನೂ ಇಲ್ಲಿಯೇ ಒಂದು ಮಾತಿನಲ್ಲಿ ಹೇಳಿಬಿಡಬಹುದು. ೧೯೦೨ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ಮೊದಲು ಹರಿದುದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಅಕ್ಕಪಕ್ಕದ ಹಳ್ಳಿಗಳ ಜಗಲಿಗಳ ಮೇಲೆ ನೀಲಗಾರರ ಹಾಡು ಬಹುಕಾಲ ಎಣ್ಣೆಯ ದೀಪದಲ್ಲಿಯೇ ನಡೆಯಿತು.

ಮುಂದಿನ ಘಟ್ಟ ಸಂಗ್ರಹದ್ದು. ೧೯೬೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ದೇ. ಜವರೇಗೌಡರ ನೇತೃತ್ವದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ರೂಪುಗೊಂಡಿತು. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಿಂದ ಬಂದ ಜೀ.ಶಂ. ಪರಮಶಿವಯ್ಯನವರು ವೃತ್ತಿಗಾಯಕರ ಕಾವ್ಯಗಳನ್ನು ವಿದ್ವತ್ತಿನ ವಿಷಯವನ್ನಾಗಿ ಮಾಡಿದರು. ‘ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳು’ ಎಂಬ ಅವರ ಗ್ರಂಥ ಇಂದಿಗೂ ಈ ಕ್ಷೇತ್ರಕ್ಕೆ ಪ್ರವೇಶದ್ವಾರ. ಅದೇ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಪಿ.ಕೆ. ರಾಜಶೇಖರ ಅವರು ೧೯೭೩ರಲ್ಲಿ ಪ್ರಕಟಿಸಿದ ‘ಮಲೆಯ ಮಾದೇಶ್ವರ’ ಜನಪದ ಮಹಾಕಾವ್ಯವೊಂದು ಕನ್ನಡದಲ್ಲಿ ಗ್ರಂಥರೂಪವನ್ನು ಪಡೆಯಬಲ್ಲುದೆಂಬುದನ್ನು ತೋರಿಸಿಕೊಟ್ಟಿತು. ೧೯೯೦ರ ದಶಕದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಂಟೇಸ್ವಾಮಿಯ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಬೃಹದ್ಗ್ರಂಥವಾಗಿ ಹೊರತಂದಿತು. ಈ ಕೆಲಸಗಳಿಗೆ ಕನ್ನಡ ನಾಡು ಋಣಿಯಾಗಿರಬೇಕಾದುದು ನಿಜ.

ಆದರೆ ಧ್ವನಿಮುದ್ರಣ ಯಂತ್ರದಿಂದ ಕಾಗದಕ್ಕೆ ಇಳಿಯುವ ದಾರಿಯಲ್ಲಿ ಮೇಳಕ್ಕೆ ಏನಾಗುತ್ತದೆಂಬುದನ್ನು ಗಮನಿಸಬೇಕು. ಸಂಪಾದಕನಿಗೆ ಬೇಕಾದುದು ಕಥೆ. ಸೊಲ್ಲನ್ನು ಪ್ರತಿ ಸಾಲಿನ ಕೆಳಗೂ ಅಚ್ಚುಮಾಡಿದರೆ ಪುಟಗಳು ಮೂರರಷ್ಟಾಗುತ್ತವೆ. ಆದುದರಿಂದ ಅದನ್ನು ಮೊದಲಿಗೆ ಒಮ್ಮೆ ಕೊಟ್ಟು, ಮುಂದೆ ಚುಕ್ಕಿಗಳಿಂದ ಸೂಚಿಸುವುದು, ಇಲ್ಲವೇ ಪೂರ್ತಿ ಬಿಡುವುದು ಸಂಪಾದನೆಯಲ್ಲಿ ಸಹಜವಾಗಿ ಒದಗುವ ಕ್ರಮ. ಹೂಂಗುಟ್ಟುವಿಕೆ, ನಡುನಡುವಿನ ಪ್ರಶ್ನೆ, ಹಿಮ್ಮೇಳದವನು ಮರೆತ ಹೆಸರನ್ನು ನೆನಪಿಸಿದ ಗಳಿಗೆ ಇವು ಶಬ್ದಶುದ್ಧಿಯ ಹೆಸರಿನಲ್ಲಿ ಹೋಗುತ್ತವೆ. ಉಳಿಯುವುದು ಒಬ್ಬನು ಹೇಳಿದ ಉದ್ದವಾದ ಕಥನ. ನಾಲ್ವರು ಕೂಡಿ ಮಾಡಿದ ಕೃತಿಗೆ ಒಬ್ಬ ‘ವಕ್ತೃ’ ಎಂಬುದಾಗಿ ನಾವು ಬರೆದುಕೊಳ್ಳುತ್ತೇವೆ.

ಬಾನುಲಿ ಈ ಮೊದಲೇ ಬಂದಿದ್ದಿತು. ೧೯೩೫ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ‘ಆಕಾಶವಾಣಿ’ ೧೯೫೫ರಲ್ಲಿ ಬೆಂಗಳೂರಿಗೆ ಹೋಯಿತು. ೧೯೭೪ರಲ್ಲಿ ಮೈಸೂರಿಗೆ ಪುನಃ ಒಂದು ನಿಲಯ ದೊರೆಯಿತು. ಜಾನಪದಕ್ಕೆ ಅಲ್ಲಿ ಹೊತ್ತುಗಳು ಗೊತ್ತಾಗಿದ್ದುವು. ಆದರೆ ಅವು ನಿಮಿಷಗಳ ಲೆಕ್ಕ. ಐದು ರಾತ್ರಿಗಳ ಕಾವ್ಯದಿಂದ ಹದಿನೈದು ನಿಮಿಷವನ್ನು ಕತ್ತರಿಸಿ ಕೊಡುವ ವಿದ್ಯೆಯನ್ನು ಹಾಡುಗಾರರು ಮೊದಲು ಕಲಿತುದು ಅಲ್ಲಿ.

೧೯೮೦ರ ದಶಕದಲ್ಲಿ ಧ್ವನಿಸುರುಳಿಯ ಪ್ರಸಾರವಾಯಿತು. ಒಂದು ಪಕ್ಕಕ್ಕೆ ಸುಮಾರು ಮೂವತ್ತು ನಿಮಿಷ, ಒಟ್ಟು ಒಂದು ಗಂಟೆ. ಬಾನುಲಿಗಿಂತ ಇದು ಉದಾರವೇ. ಸಿದ್ದಪ್ಪಾಜಿಯ ಒಂದು ಸಾಲನ್ನು ಮೂರು ನಾಲ್ಕು ಸುರುಳಿಗಳಲ್ಲಿ ತುಂಬಿ ಮಾರಲು ಅನುಕೂಲವಾಯಿತು. ಮಳವಳ್ಳಿ ಮಹದೇವಸ್ವಾಮಿಯವರ ಹೆಸರು ಮಂಡ್ಯ, ಮೈಸೂರು, ಚಾಮರಾಜನಗರದ ಹಳ್ಳಿಹಳ್ಳಿಗಳನ್ನು ಮುಟ್ಟಿದುದು ಈ ಸುರುಳಿಗಳ ಮೂಲಕ. ಚಹದ ಅಂಗಡಿಯಲ್ಲಿ, ಬಾಡಿಗೆಯ ಬಸ್ಸಿನಲ್ಲಿ, ಜಾತ್ರೆಯ ಧ್ವನಿವರ್ಧಕದಲ್ಲಿ ನೀಲಗಾರರ ಕಾವ್ಯ ಹಗಲಿನಲ್ಲಿಯೂ ಕೇಳಿಬರತೊಡಗಿತು. ಅದರ ಜೊತೆಗೆ ಮುದ್ರಣಶಾಲೆಯ ಕಟ್ಟಳೆಗಳೂ ಬಂದುವು. ಗಂಟೆಯ ಬಾಡಿಗೆ ಕೊಟ್ಟು ಹಾಡಿಸುವಲ್ಲಿ ಊರಿನಿಂದ ಇಡೀ ಮೇಳವನ್ನು ಕರೆತರುವುದಕ್ಕಿಂತ ಮುಂದಾಳೊಬ್ಬನನ್ನು ಕರೆಸಿ, ನಗರದ ವಾದ್ಯಗಾರರನ್ನೂ ವೃಂದದ ದನಿಗಳನ್ನೂ ಕೂಡಿಸುವುದು ಸುಲಭ. ವಿದ್ಯುನ್ಮಾನದ ವಾದ್ಯಗಳು ಡಗ್ಗದ ಸ್ಥಾನವನ್ನು ಹಿಡಿದುವು. ಸೊಲ್ಲು ಉಳಿಯಿತು, ಆದರೆ ಅದನ್ನು ಹೇಳುವವರು ನಾಳೆ ಕಾವ್ಯವನ್ನು ಎತ್ತಬೇಕಾದವರಲ್ಲ.

ಇಂಥ ಚರಿತ್ರೆ ನಮ್ಮಲ್ಲಿ ಮಾತ್ರ ನಡೆದುದಲ್ಲ. ಅಮೆರಿಕದ ಕರಿಯ ಜನರ ‘ರಿದಮ್ ಅಂಡ್ ಬ್ಲೂಸ್’ ಗಾಯಕವೃಂದಗಳ ಕಥೆಯನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ಹಲವು ಅಂಶಗಳು ಸ್ಪಷ್ಟವಾಗುತ್ತವೆ. (‘ನೀಲಗಾರ’ ಎಂಬಲ್ಲಿ ನೀಲವೂ ‘ಬ್ಲೂಸ್’ ಎಂಬಲ್ಲಿ ನೀಲಿಯೂ ಇರುವುದು ಕೇವಲ ಕಾಕತಾಳೀಯ, ಅದರ ಮೇಲೆ ಯಾವ ಸಿದ್ಧಾಂತವನ್ನೂ ಕಟ್ಟಬಾರದು.) ಅಲ್ಲಿಯೂ ಮೂಲದಲ್ಲಿ ಇರುವುದು ದೇವರ ಸನ್ನಿಧಿಯ ಹಾಡು: ಚರ್ಚಿನಲ್ಲಿ ಒಬ್ಬನು ಎತ್ತುವುದು, ಸಭೆಯೆಲ್ಲ ಮರುನುಡಿಯುವುದು. ಆ ಜನರ ಮುದ್ರಿಕೆಗಳನ್ನು ವ್ಯಾಪಾರಿಗಳು ‘ರೇಸ್ ರೆಕಾರ್ಡ್ಸ್’, ಎಂದರೆ ಜನಾಂಗದ ಮುದ್ರಿಕೆಗಳು, ಎಂದು ಬೇರೆಯಾಗಿ ಇಡುತ್ತಿದ್ದರು. ‘ಬಿಲ್‌ಬೋರ್ಡ್’ ಪತ್ರಿಕೆಯಲ್ಲಿದ್ದ ಜೆರ್ರಿ ವೆಕ್ಸ್ಲರ್ ಸೂಚಿಸಿದ ‘ರಿದಮ್ ಅಂಡ್ ಬ್ಲೂಸ್’ ಎಂಬ ಹೆಸರು ೧೯೪೯ರಲ್ಲಿ ಆ ಪತ್ರಿಕೆಯ ಪಟ್ಟಿಯಲ್ಲಿ ಬಳಕೆಗೆ ಬಂದಿತು. ಅದಕ್ಕೆ ಒಂದು ವರ್ಷ ಮೊದಲೇ ಬಾಲ್ಟಿಮೋರ್ ನಗರದ ‘ಓರಿಯೋಲ್ಸ್’ ಎಂಬ ವೃಂದ ಪ್ರಸಿದ್ಧಿಗೆ ಬಂದಿದ್ದಿತು. ಆ ಕಾಲದ ತಟ್ಟೆಯ ಒಂದು ಪಕ್ಕದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಮುಂದಿನ ದನಿಗೆ ಹೆಸರು ಬಂದಿತು. ಹಿಂದಿನ ದನಿಗಳಿಗೆ ವೃಂದದ ಹೆಸರೊಂದೇ ಹೆಸರಾಯಿತು.

ವೃಂದದ ಹೆಸರು ಯಾರದೆಂಬ ಪ್ರಶ್ನೆಗೆ ‘ಡ್ರಿಫ್ಟರ್ಸ್’ ವೃಂದದ ಕಥೆ ತಕ್ಕ ನಿದರ್ಶನ. ೧೯೫೩ರಲ್ಲಿ ಕ್ಲೈಡ್ ಮ್ಯಾಕ್‌ಫ್ಯಾಟರ್ ಎಂಬ ಗಾಯಕನ ಸುತ್ತ ಅದು ಕಟ್ಟಲ್ಪಟ್ಟಿತು. ಮುಂದೆ ಅದರ ಹೆಸರಿನ ಹಕ್ಕು ವ್ಯವಸ್ಥಾಪಕ ಜಾರ್ಜ್ ಟ್ರೆಡ್‌ವೆಲ್‌ನ ಕೈಯಲ್ಲಿದ್ದಿತು, ಹಾಡುವವರು ಸಂಬಳದವರು. ೧೯೫೮ರಲ್ಲಿ ಅವನು ಇದ್ದ ಗಾಯಕರೆಲ್ಲರನ್ನೂ ಒಮ್ಮೆಗೇ ಬಿಡಿಸಿ, ಬೇರೊಂದು ವೃಂದದವರನ್ನು ತಂದು ಅದೇ ಹೆಸರಿನಲ್ಲಿ ನಿಲ್ಲಿಸಿದನು. ಜನರು ಆ ಹೆಸರನ್ನೇ ಕೇಳಿ ಕೊಂಡುಕೊಂಡರು. ನಮ್ಮ ಮೇಳಗಳ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಹೆಸರು ಉಳಿದು ಮನುಷ್ಯರು ಬದಲಾದರು; ಇಲ್ಲಿ ಮನುಷ್ಯರು ತಲೆಮಾರುಗಳವರೆಗೆ ಒಟ್ಟಿಗೆ ಇದ್ದು ಹೆಸರನ್ನೇ ಪಡೆಯಲಿಲ್ಲ. ಪರಿಣಾಮ ಒಂದೇ: ಎರಡೆಡೆಯೂ ಹಿಂದಿನ ದನಿಗಳ ಚರಿತ್ರೆಯನ್ನು ಬರೆಯಹೊರಟವನಿಗೆ ದಾಖಲೆ ದೊರೆಯುವುದು ಕಷ್ಟ.

ಇನ್ನೊಂದು ಸಾಮ್ಯವೂ ಉಂಟು. ‘ಸೋಲ್ ಸ್ಟಿರರ್ಸ್’ ಎಂಬ ಭಕ್ತಿಗೀತೆಯ ವೃಂದದಲ್ಲಿದ್ದ ಸ್ಯಾಮ್ ಕುಕ್ ೧೯೫೭ರಲ್ಲಿ ಲೌಕಿಕದ ಹಾಡಿಗೆ ಬಂದಾಗ, ದೇವರ ಹಾಡಿನ ಧಾಟಿಯನ್ನು ಪೇಟೆಗೆ ತಂದನೆಂದು ಅವನ ಮೊದಲಿನ ಕೇಳುಗರಲ್ಲಿ ಅಸಮಾಧಾನ ಹುಟ್ಟಿತು. ನೀಲಗಾರರ ಪ್ರಶ್ನೆಯೂ ಇಂಥದೇ. ದೀಕ್ಷೆಯಿಂದ ಹಾಡುವವನು ನೀಲಗಾರ; ದೀಕ್ಷೆಯಿಲ್ಲದೆ ಅದೇ ಧಾಟಿಯಲ್ಲಿ ಚೆನ್ನಾಗಿ ಹಾಡುವವನು ಯಾರು? ಇಂದಿನ ಮಾತಿನಲ್ಲಿ ಅವನು ‘ಕಲಾವಿದ’. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕ ಈ ಕಾವ್ಯವನ್ನು ರಂಗಭೂಮಿಗೆ ತಂದಿತು. ೧೯೯೬ರ ‘ಜನುಮದ ಜೋಡಿ’ ಚಲನಚಿತ್ರದ ಹಾಡುಗಳು ದಕ್ಷಿಣದ ಜನಪದ ಧಾಟಿಗಳಿಗೆ ನಾಡಿನಾದ್ಯಂತ ಕೇಳುಗರನ್ನು ಒದಗಿಸಿದುವು. ಇವುಗಳಲ್ಲಿ ಹಾಡಿದವರು ಜೋಳಿಗೆ ಹಿಡಿದು ಕೋರಣ್ಯಕ್ಕೆ ಹೋದವರಲ್ಲ. ಇದನ್ನು ಅಪಚಾರವೆಂದು ನಾವು ಹೇಳುವುದಿಲ್ಲ. ಆದರೆ ಭಿಕ್ಷೆಯ ಧಾನ್ಯವನ್ನು ಮೇಳದವರೆಲ್ಲ ಹಂಚಿಕೊಳ್ಳುವುದಕ್ಕೂ, ಸಂಭಾವನೆಯನ್ನು ಒಬ್ಬನ ಹೆಸರಿಗೆ ಬರೆಯುವುದಕ್ಕೂ ಇರುವ ಅಂತರ ಕೇವಲ ಹಣದ ಅಂತರವಲ್ಲ.

ಈ ಎಲ್ಲವನ್ನೂ ಓದಿದವರು ಲೇಖಕನು ಧ್ವನಿಸುರುಳಿಯನ್ನು ದೂಷಿಸುತ್ತಿದ್ದಾನೆಂದು ಭಾವಿಸಬಹುದು. ಹಾಗಲ್ಲ. ಹೊದಿಕೆಯ ಮೇಲಿನ ಆ ಒಂದು ಹೆಸರಿನ ಬೆಲೆಯನ್ನು ಸರಿಯಾಗಿ ತೂಗಿ ನೋಡಬೇಕು. ‘ತಂಬೂರಿಯವನು ಬಂದ’ ಎಂದು ಕೂಗಿ ಕರೆದು, ಜಗಲಿಯ ಕೆಳಗೆ ಕೂರಿಸಿ, ಮೊರದ ತುದಿಯಿಂದ ರಾಗಿ ಸುರಿದ ಸಮಾಜ ಇದು. ಜಾತಿಯ ಹೆಸರಿನಿಂದಲೋ ವಾದ್ಯದ ಹೆಸರಿನಿಂದಲೋ ಗುರುತಿಸಲ್ಪಡುತ್ತಿದ್ದ ಗಾಯಕನು ತನ್ನ ಊರಿನ ಹೆಸರು ಸಮೇತ, ತನ್ನ ಭಾವಚಿತ್ರ ಸಮೇತ ಅಂಗಡಿಯ ಮುಂದೆ ನಿಂತುದು ಸಣ್ಣ ಸಂಗತಿಯಲ್ಲ. ಅನಾಮಧೇಯತೆಯನ್ನು ಜನಪದದ ಸೊಬಗೆಂದು ಹೊಗಳುವ ನಾವು, ಆ ಅನಾಮಧೇಯತೆ ಹಾಡುವವನು ಆರಿಸಿಕೊಂಡುದಲ್ಲ, ಅವನ ಮೇಲೆ ಹೊರಿಸಿದುದು ಎಂಬುದನ್ನು ಅನೇಕ ವೇಳೆ ಮರೆಯುತ್ತೇವೆ. ಮೇಳವೇ ದೊಡ್ಡದು, ವ್ಯಕ್ತಿಯ ಹೆಸರು ಬೇಡವೆಂಬ ವಾದವನ್ನು ಮಂಡಿಸುವ ಅಧಿಕಾರ, ತನ್ನ ಹೆಸರನ್ನು ಲೇಖನದ ಕೆಳಗೆ ಅಚ್ಚುಮಾಡಿಸುವ ಪ್ರಾಧ್ಯಾಪಕನಿಗೆ ಇದೆಯೇ ಎಂಬುದು ಸಂದೇಹಾಸ್ಪದ.

ಆದುದರಿಂದ ನಮ್ಮ ಆಕ್ಷೇಪಣೆ ಮುಂದಾಳಿಗೆ ಹೆಸರು ಬಂದುದಕ್ಕಲ್ಲ. ಆ ಹೆಸರು ಒಬ್ಬನಲ್ಲಿಯೇ ನಿಂತುದಕ್ಕೆ. ಸಂಗಡಿಗರೂ ಅದೇ ಜಗಲಿಯ ಕೆಳಗೆ ಕೂತವರು. ಪ್ರಶಸ್ತಿ, ಮಾಸಾಶನ, ಸನ್ಮಾನ ಇವು ಬಹುಮಟ್ಟಿಗೆ ವ್ಯಕ್ತಿಗಳಿಗೆ ಸಲ್ಲುವಂತೆ ಏರ್ಪಟ್ಟಿವೆ. ತಾಳ ಹಿಡಿದು ಮೂವತ್ತು ವರ್ಷ ಸೊಲ್ಲು ಹೇಳಿದವನು ಅರ್ಜಿಯ ಯಾವ ಕಲಮಿನಲ್ಲಿ ತನ್ನನ್ನು ತುಂಬಿಕೊಳ್ಳಬೇಕು? ಅವನ ಮಗ ತಾಳ ಹಿಡಿಯದೆ ಬೆಂಗಳೂರಿನ ಕಡೆಗೆ ಹೊರಟರೆ ಅದನ್ನು ಅಚ್ಚರಿಯೆಂದು ಬರೆಯಬೇಕಾಗಿಲ್ಲ.

ಹೋಲಿಕೆಗಾಗಿ ಇದೇ ಸೀಮೆಯ ಹೆಣ್ಣುಮಕ್ಕಳ ಸೋಬಾನೆಯನ್ನು ನೋಡಬಹುದು. ಅಲ್ಲಿಯೂ ಒಬ್ಬಳು ಹೇಳಿಕೊಡುವುದು, ಉಳಿದವರು ಹೇಳುವುದು ಉಂಟು. ಆದರೆ ಎತ್ತಿಕೊಡುವ ಸರದಿ ಒಬ್ಬರಿಂದ ಒಬ್ಬರಿಗೆ ಸಲೀಸಾಗಿ ಹೋಗುತ್ತದೆ. ಮದುವೆಯ ಮನೆಯಲ್ಲಿ ಸೋಬಾನೆಗೆ ಹೆಸರಿನ ಹಂಗಿಲ್ಲ, ಸಂಭಾವನೆ ಎಲೆಯಡಿಕೆಯದು. ಮಾರುಕಟ್ಟೆ ತಡವಾಗಿ ಮುಟ್ಟಿದುದರಿಂದಲೋ ಏನೋ ಅದರ ಕಟ್ಟು ಬಹುಕಾಲ ಸಡಿಲಾಗಲಿಲ್ಲ. ಇದು ಬೇರೆಯೇ ಒಂದು ಲೇಖನದ ವಸ್ತು.

ಸಂಶೋಧಕರಾದವರು ಕೈಗೊಳ್ಳಬಹುದಾದ ಕೆಲಸ ಮೂರು ತೆರನಾದುದು. ಮೊದಲನೆಯದಾಗಿ, ಈಗಾಗಲೇ ಸಂಸ್ಥೆಗಳಲ್ಲಿರುವ ಹಳೆಯ ಧ್ವನಿಮುದ್ರಿಕೆಗಳನ್ನು ಕಥೆಗಾಗಿ ಅಲ್ಲದೆ ದನಿಗಳಿಗಾಗಿ ಮತ್ತೆ ಕೇಳಬೇಕು. ಎಷ್ಟು ಜನ, ಯಾರು ಯಾವಾಗ ಎತ್ತಿದರು, ಎಲ್ಲಿ ಸೊಲ್ಲು ಬದಲಾಯಿತು ಎಂಬುದನ್ನು ಗುರುತು ಹಾಕಬೇಕು. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ಮೇಳದ ಪ್ರತಿಯೊಬ್ಬನ ಹೆಸರು, ಊರು, ಕಲಿಸಿದವನ ಹೆಸರನ್ನು ಅವರವರ ಒಪ್ಪಿಗೆಯಿಂದ ಬರೆದುಕೊಳ್ಳಬೇಕು. ಇನ್ನು ಸಂಪಾದನೆಯಲ್ಲಿ, ಇಡೀ ಕಾವ್ಯಕ್ಕೆ ಅಲ್ಲದಿದ್ದರೂ ಕನಿಷ್ಠ ಒಂದು ಸಾಲಿಗೆ, ಹಲಗೂರಿನದಕ್ಕೇ ಆಗಲಿ, ಹಿಮ್ಮೇಳದ ಪ್ರತಿಯೊಂದು ಮಾತನ್ನೂ ಬಿಡದೆ ಅಚ್ಚುಮಾಡಿದ ಒಂದು ಪಾಠ ಬೇಕು. ಪುಟಗಳು ಮೂರರಷ್ಟಾದರೆ ಆಗಲಿ. ಕಾವ್ಯ ಎಷ್ಟು ಉದ್ದವೆಂಬುದು ಆಗ ಮೊದಲ ಬಾರಿಗೆ ಓದುಗರಿಗೆ ತಿಳಿದೀತು.

ಚಿಕ್ಕಲ್ಲೂರಿನ ಜಾತ್ರೆಗೆ ಇಂದಿಗೂ ಮೇಳಗಳು ಬರುತ್ತವೆ. ಮೊದಲ ರಾತ್ರಿ ಚಂದ್ರಮಂಡಲದ ಜ್ವಾಲೆ ಇಳಿದ ಮೇಲೆ ಅಲ್ಲಲ್ಲಿ ಒಕ್ಕಲಿನವರ ಬಿಡಾರಗಳ ನಡುವೆ ತಂಬೂರಿಯ ದನಿ ಏಳುತ್ತದೆ. ಕೆಲವೆಡೆ ಹಾಡು ಸಂಗ್ರಹಿಸಿಟ್ಟ ಯಂತ್ರದಿಂದ ಬರುವುದು. ಕೆಲವೆಡೆ ನಾಲ್ವರು ಸುತ್ತ ಕೂತು ಹಾಡುವುದು. ದೂರದಿಂದ ಕೇಳುವವನಿಗೆ ಎರಡಕ್ಕೂ ಭೇದ ತಿಳಿಯದು. ಹತ್ತಿರ ಹೋದರೆ, ಮುಂದಾಳು ನೀರು ಕುಡಿಯಲು ನಿಲ್ಲಿಸಿದ ಹೊತ್ತಿನಲ್ಲಿ ಹಿಂದಿನಿಂದ ಸಾಲನ್ನು ಎತ್ತಿಕೊಳ್ಳುವ ಎಳೆಯ ದನಿ ಇದೆಯೇ ಇಲ್ಲವೇ ಎಂಬುದರಿಂದ ತಿಳಿಯುತ್ತದೆ.